ಕಂಬಳಿ ಕೊಪ್ಪೆಯ ನಿಂಗಿ: ಒಂದು ಗೇಮ್ ಪಾತ್ರ ರೂಪ ಪಡೆದ ಬಗೆ

ನಿಂಗಿಗೆ ಹದಿನಾಲ್ಕು ವರ್ಷ. ಅವಳ ತಾತ ಊರಿನ ನೀರುಗಂಟಿ. ತಾತ ಜ್ವರ ಬಂದು ಮಲಗಿದ ವಾರದಲ್ಲೇ ನಾಲೆಗೆ ಸರದಿ ನೀರು ಬಿಡುತ್ತಾರೆ. ರಾತ್ರಿ ಎದ್ದು ತೂಬು ತೆಗೆದು, ಮೇಲಿನ ಗದ್ದೆಯಿಂದ ಕೊನೇ ಗದ್ದೆಯವರೆಗೆ ಎಲ್ಲರಿಗೂ ನೀರು ಮುಟ್ಟಿಸಬೇಕು. ಆ ಕೆಲಸಕ್ಕೆ ನಿಂಗಿ ಹೊರಡುತ್ತಾಳೆ. ನಾವು ಮಾಡುತ್ತಿರುವ ಮೊಬೈಲ್ ಗೇಮ್‌ನ ಕತೆ ಇಷ್ಟೇ.

ಈ ಹುಡುಗಿ ನೋಡೋಕೆ ಹೇಗಿರಬೇಕು ಅಂತ ತೀರ್ಮಾನಿಸಲು ನಮಗೆ ಹನ್ನೊಂದು ತಿಂಗಳು ಹಿಡಿಯಿತು. ಮೂರು ಸಲ ಪೂರ್ತಿ ಅಳಿಸಿ ಮತ್ತೆ ಬರೆದೆವು. ಆ ಹನ್ನೊಂದು ತಿಂಗಳಲ್ಲಿ ಏನೇನಾಯಿತು, ಯಾವುದನ್ನು ಯಾಕೆ ಬಿಟ್ಟೆವು, ಯಾವುದನ್ನು ಯಾಕೆ ಉಳಿಸಿಕೊಂಡೆವು ಅಂತ ಪೂರ್ತಿ ಬರೆದಿಡುತ್ತಿದ್ದೇನೆ. ಕನ್ನಡದಲ್ಲಿ ಗೇಮ್ ಮಾಡಲು ಹೊರಟವರಿಗೆ, ಅದರಲ್ಲೂ ಚಿತ್ರ ಬರೆಯುವವರಿಗೆ, ಇದರಲ್ಲಿ ಒಂದೆರಡು ವಿಷಯವಾದರೂ ಸಿಗಬಹುದು.

ನಾವು ಮೂವರು. ಚಿತ್ರದ ಕೆಲಸ ನನ್ನದು. ಕೋಡ್ ಬರೆಯುವ ಗೆಳೆಯ ಪಾಂಡವಪುರದ ಕಡೆಯವನು. ಸದ್ದು, ಸಂಗೀತ ನೋಡಿಕೊಳ್ಳುವ ಗೆಳತಿ ಮೈಸೂರಿನವಳೇ. ಕುವೆಂಪುನಗರದ ಒಂದು ಮಹಡಿ ಕೋಣೆಯಲ್ಲಿ ಸಂಜೆ ಹೊತ್ತು ಸೇರುತ್ತೇವೆ. ಚಿತ್ರಕ್ಕೆ ಕ್ರಿಟಾ, ಗೇಮ್‌ಗೆ ಗೊಡೋ ಅನ್ನುವ ಸಾಫ್ಟ್‌ವೇರ್. ಎರಡಕ್ಕೂ ದುಡ್ಡು ಕೊಡಬೇಕಿಲ್ಲ, ನಮ್ಮಂಥವರಿಗೆ ಅದೇ ದೊಡ್ಡ ಉಪಕಾರ.

ನೀರುಗಂಟಿ ಅಂದರೆ ಯಾರು ಅಂತ ಪಟ್ಟಣದಲ್ಲಿ ಬೆಳೆದ ಓದುಗರಿಗೆ ಹೇಳಬೇಕು. ಕೆರೆಯ ಅಥವಾ ನಾಲೆಯ ನೀರನ್ನು ಗದ್ದೆಗಳಿಗೆ ಹಂಚುವವನು ನೀರುಗಂಟಿ. ಯಾವ ತೂಬು ಮೊದಲು, ಯಾರ ಗದ್ದೆಗೆ ಎಷ್ಟು ಹೊತ್ತು, ನೀರು ಕಡಿಮೆ ಬಂದ ವರ್ಷ ಯಾರಿಗೆ ಎಷ್ಟು ಕಡಿತ, ಇದೆಲ್ಲ ಅವನ ತಲೆಯಲ್ಲೇ ಇರುತ್ತದೆ. ಹಳೇ ಮೈಸೂರು ಸೀಮೆಯ ಬಹಳ ಊರುಗಳಲ್ಲಿ ದಲಿತ ಕುಟುಂಬಗಳು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ ಇದು. ಕೂಲಿಯನ್ನು ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಅಳೆದು ಕೊಡುತ್ತಿದ್ದರು. ಮಂಡ್ಯದ ಬಯಲಿಗೆ ನೀರು ತಂದದ್ದು ಕನ್ನಂಬಾಡಿ ಕಟ್ಟೆ. ಅದರ ಕೆಲಸ 1911ರಲ್ಲಿ ಶುರುವಾಯಿತು. ಅಲ್ಲಿಂದ ಹೊರಟ ದೊಡ್ಡ ನಾಲೆಗೆ ಮೊದಲು ಇರ್ವಿನ್ ನಾಲೆ ಅಂತ ಹೆಸರಿತ್ತು, ಆಮೇಲೆ ವಿಶ್ವೇಶ್ವರಯ್ಯ ನಾಲೆ ಆಯಿತು. ಜನ ವಿ.ಸಿ. ನಾಲೆ ಅನ್ನುತ್ತಾರೆ. ಅದರ ಕೊನೇ ಭಾಗದಲ್ಲಿರುವ ಮದ್ದೂರು, ಮಳವಳ್ಳಿ ಕಡೆಯ ಗದ್ದೆಗಳಿಗೆ ನೀರು ಮುಟ್ಟುತ್ತದೋ ಇಲ್ಲವೋ ಅನ್ನುವ ಆತಂಕ ಇವತ್ತಿಗೂ ಇದೆ. ಕಟ್ಟು ಪದ್ಧತಿಯಲ್ಲಿ ಇಷ್ಟು ದಿನ ನೀರು, ಇಷ್ಟು ದಿನ ಬಂದ್ ಅಂತ ಇರುವುದರಿಂದ ಸರದಿ ಬಂದ ರಾತ್ರಿ ಯಾರೂ ಮಲಗುವಂತಿಲ್ಲ. ನಮ್ಮ ಆಟದ ಜೀವ ಇರುವುದು ಆ ಒಂದು ರಾತ್ರಿಯಲ್ಲಿ.

ಮೊದಲ ನಿಂಗಿ

ಮೈಸೂರಿನಲ್ಲಿ ಚಿತ್ರ ಕಲಿತವರ ಕಣ್ಣಲ್ಲಿ ಮೈಸೂರು ಶೈಲಿ ಕೂತುಬಿಟ್ಟಿರುತ್ತದೆ. ಕೂದಲೆಳೆಯಂಥ ಗೆರೆ, ಬಿಳೀ ಸರಿ ಬಳಿದು ಸಣ್ಣಗೆ ಉಬ್ಬಿಸಿದ ಗೆಸ್ಸೋ ಕೆಲಸ, ಅದರ ಮೇಲೆ ಚಿನ್ನದ ಹಾಳೆ. ತಂಜಾವೂರಿನ ಚಿತ್ರಗಳಲ್ಲಿ ಉಬ್ಬು ಜಾಸ್ತಿ. ನಮ್ಮಲ್ಲಿ ಅದು ಮೆದು, ಹತ್ತಿರ ಹೋಗಿ ನೋಡಿದರೆ ಮಾತ್ರ ತಿಳಿಯುವಷ್ಟು. ನನಗೆ ಆ ಶೈಲಿ ಅಂದರೆ ಪ್ರಾಣ. ಹಾಗಾಗಿ ನಿಂಗಿಯನ್ನೂ ಆ ಶೈಲಿಯಲ್ಲೇ ಬರೆದೆ. ಕಚ್ಚೆ ಹಾಕಿದ ಕೆಂಪು ಸೀರೆ, ಚಿನ್ನದ ಅಂಚು, ಸೊಂಟಕ್ಕೆ ಡಾಬು, ಕಾಲಿಗೆ ಗೆಜ್ಜೆ, ಜಡೆಗೆ ಕುಚ್ಚು, ಗೋಧಿ ಬಣ್ಣದ ಮೈ. ಕೈಯಲ್ಲಿ ಲಾಟೀನು. ಕಾಗದದ ಮೇಲೆ ಚೆನ್ನಾಗಿ ಬಂದಿತ್ತು. ನೋಡಿದವರೆಲ್ಲ ಮೆಚ್ಚಿದರು. ನಾಲ್ಕು ತಿಂಗಳು ಅದರ ಮೇಲೇ ಕೆಲಸ ಮಾಡಿದೆ.

ಆಮೇಲೆ ಅದನ್ನು ಫೋನಿಗೆ ಹಾಕಿ ಕೆಳಗಿನ ಮನೆಯ ಹತ್ತು ವರ್ಷದ ಹುಡುಗನ ಕೈಗೆ ಕೊಟ್ಟೆವು. ಅವನು ಎರಡು ನಿಮಿಷ ಆಡಿದ. ಪದೇ ಪದೇ ಬದುವಿನಿಂದ ಕೆಳಗೆ ಬೀಳುತ್ತಿದ್ದ. ನಿಂಗಿ ಎಲ್ಲಿದ್ದಾಳೆ ತೋರಿಸು ಅಂದೆ. ಅವನು ಲಾಟೀನಿನ ದೀಪದ ಮೇಲೆ ಬೆರಳಿಟ್ಟ. ದೀಪವೇ ಪಾತ್ರ ಅಂದುಕೊಂಡಿದ್ದ. ಹುಡುಗಿ ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಅವತ್ತು ರಾತ್ರಿ ಸ್ಕೇಲ್ ತಗೊಂಡು ಕೂತೆವು. ಅದನ್ನು ಮೊದಲ ದಿನವೇ ಮಾಡಬೇಕಿತ್ತು. ಆರೂವರೆ ಇಂಚಿನ ಫೋನನ್ನು ಅಡ್ಡ ಹಿಡಿದರೆ ಪರದೆಯ ಎತ್ತರ ಹೆಚ್ಚುಕಡಿಮೆ 6.8 ಸೆಂಟಿಮೀಟರ್. ನಮ್ಮ ಆಟದಲ್ಲಿ ಗದ್ದೆ ಬಯಲು ಪೂರ್ತಿ ಕಾಣಬೇಕು, ಹಾಗಾಗಿ ನಿಂಗಿಯ ಎತ್ತರ ಪರದೆಯ ಒಂಬತ್ತನೇ ಒಂದು ಭಾಗ. ಅಂದರೆ ಏಳೂವರೆ ಮಿಲಿಮೀಟರ್. ಒಂದು ಕಡಲೆಕಾಳಿನಷ್ಟು. ನಾನು ಬರೆದದ್ದು ನಿಜವಾದ ಮನುಷ್ಯರ ಅಳತೆಯಲ್ಲಿ, ಏಳು ತಲೆಯ ಎತ್ತರಕ್ಕೆ. ಹಾಗಾದರೆ ತಲೆಗೆ ಸಿಕ್ಕಿದ್ದು ಒಂದು ಮಿಲಿಮೀಟರ್. ಆ ಒಂದು ಮಿಲಿಮೀಟರಿನಲ್ಲಿ ನಾನು ಮೂಗುಬೊಟ್ಟು ಬರೆದಿದ್ದೆ.

ಎರಡನೇ ತೊಂದರೆಯನ್ನು ಕೋಡ್ ಬರೆಯುವ ಗೆಳೆಯ ಮೊದಲಿನಿಂದಲೂ ಹೇಳುತ್ತಿದ್ದ, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಅವನಿಗೆ ಕೆಂಪು ಮತ್ತು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಇದು ಗಂಡಸರಲ್ಲಿ ಜಾಸ್ತಿ, ಯಾಕೆಂದರೆ ಅದಕ್ಕೆ ಕಾರಣವಾದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಗಂಡಸರಿಗೆ ಇರುವುದು ಒಂದೇ ಎಕ್ಸ್. ಮಂಡ್ಯದ ಬಯಲು ಪೂರ್ತಿ ಹಸಿರು, ಅದರ ಮೇಲೆ ನನ್ನ ಕೆಂಪು ಸೀರೆ. ಅವನಿಗೆ ನಿಂಗಿ ಭತ್ತದ ಪೈರಿನೊಳಗೆ ಕರಗಿ ಹೋಗುತ್ತಿದ್ದಳು. ಚಿತ್ರವನ್ನು ಕಪ್ಪು ಬಿಳುಪು ಮಾಡಿ ನೋಡಿದೆ. ನನಗೂ ಕರಗಿ ಹೋದಳು. ನಾನು ಆರಿಸಿದ್ದ ಕೆಂಪು ಮತ್ತು ಹಸಿರಿನ ಗಾಢತೆ ಒಂದೇ ಆಗಿತ್ತು. ಬಣ್ಣ ಬೇರೆ ಇದ್ದರೆ ಸಾಲದು, ತಿಳಿ ಯಾವುದು ಗಾಢ ಯಾವುದು ಅನ್ನುವ ವ್ಯತ್ಯಾಸ ಇರಬೇಕು ಅಂತ ಚಿತ್ರಕಲೆಯ ಮೊದಲ ವರ್ಷದಲ್ಲೇ ಕಲಿತಿರುತ್ತೇವೆ ಅಲ್ವಾ, ಆದರೂ ಇಷ್ಟದ ಬಣ್ಣ ಎದುರಿಗಿದ್ದರೆ ಮರೆತು ಹೋಗುತ್ತದೆ.

ಇನ್ನು ಚಿನ್ನ. ಚಿನ್ನದ ಹಾಳೆ ಹೊಳೆಯುವುದು ನಾವು ಅಲುಗಾಡುವುದರಿಂದ. ದೀಪ ಅಲುಗಿದಾಗ, ನಮ್ಮ ತಲೆ ಸ್ವಲ್ಪ ಸರಿದಾಗ ಬೆಳಕು ಜಾಗ ಬದಲಿಸುತ್ತದೆ, ಅದನ್ನೇ ನಾವು ಚಿನ್ನ ಅನ್ನುತ್ತೇವೆ. ಫೋನಿನ ಚಪ್ಪಟೆ ಚಿತ್ರದಲ್ಲಿ ಆ ಚಲನೆ ಇಲ್ಲ. ಅಲ್ಲಿ ಚಿನ್ನದ ಅಂಚು ಸಾಸಿವೆ ಬಣ್ಣದ ಪಟ್ಟಿಯಾಗಿ ಕೂತಿತ್ತು. ನಾನು ಪ್ರೀತಿಸಿದ ಶೈಲಿಯ ಪ್ರಾಣವೇ ಈ ಪರದೆಯ ಮೇಲೆ ಬರುವುದಿಲ್ಲ ಅಂತ ಗೊತ್ತಾದಾಗ ತುಂಬಾ ಬೇಜಾರಾಯಿತು.

ಲೆಕ್ಕದ ತೊಂದರೆಯೂ ಇತ್ತು. ನಾವು ಪ್ರತಿ ಚಲನೆಯನ್ನೂ ಕೈಯಲ್ಲೇ ಬರೆಯುತ್ತೇವೆ. ನಡಿಗೆಗೆ 8 ಚಿತ್ರ, ಓಟಕ್ಕೆ 6, ಗುದ್ದಲಿ ಹಾಕಲು 10, ತೂಬು ಎತ್ತಲು 12, ಜಾರಲು 6, ಸುಮ್ನೆ ನಿಂತಿರಲು 6. ಒಟ್ಟು 48. ಡಾಬು, ಗೆಜ್ಜೆ, ಕುಚ್ಚು ಎಲ್ಲ ಪ್ರತಿ ಚಿತ್ರದಲ್ಲೂ ಸರಿಯಾದ ಜಾಗದಲ್ಲಿ ಇರಬೇಕು. ಒಂದು ಚಿತ್ರಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ಒಂದು ಆಭರಣ ಬದಲಿಸಿದರೆ 48 ಚಿತ್ರವನ್ನೂ ತಿದ್ದಬೇಕು.

ಸಣ್ಣದರಲ್ಲಿ ಕಾಣಬೇಕು

ಎರಡನೇ ಸುತ್ತಿಗೆ ಕೂರುವ ಮೊದಲು ಸ್ವಲ್ಪ ಓದಿಕೊಂಡೆವು. ಮಾರಿಯೋ ಯಾಕೆ ಹಾಗಿದ್ದಾನೆ ಅನ್ನುವುದು ಗೇಮ್ ಮಾಡುವವರಿಗೆಲ್ಲ ಗೊತ್ತಿರುವ ಕತೆ. 1981ರ ಡಾಂಕಿ ಕಾಂಗ್ ಗೇಮ್‌ನಲ್ಲಿ ಅವನಿಗೆ ಸಿಕ್ಕಿದ್ದು ಕೆಲವೇ ಪಿಕ್ಸೆಲ್, ಅಂದರೆ ಪರದೆಯ ಕೆಲವೇ ಚುಕ್ಕೆ. ಅಷ್ಟರಲ್ಲಿ ಬಾಯಿ ಬರೆಯೋಕೆ ಆಗಲ್ಲ, ಅದಕ್ಕೇ ಮೀಸೆ. ಕೂದಲು ಅಲುಗುವಂತೆ ತೋರಿಸೋಕೆ ಆಗಲ್ಲ, ಅದಕ್ಕೇ ಟೋಪಿ. ಕೈ ಬೀಸುವುದು ಕಾಣಬೇಕು, ಅದಕ್ಕೇ ತೋಳಿಗೂ ಮೈಗೂ ಬೇರೆ ಬಣ್ಣ ಸಿಗುವ ಉಡುಪು. ಅವನನ್ನು ರೂಪಿಸಿದ ಮಿಯಾಮೊಟೊ ಅವರ ಆ ಪಾತ್ರದಲ್ಲಿ ಒಂದು ವಸ್ತುವೂ ಅಲಂಕಾರಕ್ಕೆ ಅಂತ ಬಂದದ್ದಲ್ಲ. 2007ರ ಟೀಮ್ ಫೋರ್ಟ್ರೆಸ್ 2 ಗೇಮ್‌ನಲ್ಲಿ ಒಂಬತ್ತು ಬಗೆಯ ಹೋರಾಟಗಾರರಿದ್ದಾರೆ. ಮೈಗೆಲ್ಲ ಕಪ್ಪು ಬಳಿದು ಬರೀ ನೆರಳಿನ ಹಾಗೆ ನಿಲ್ಲಿಸಿದರೂ ಯಾರು ಯಾರು ಅಂತ ಹೇಳಬಹುದು. ಈ ನೆರಳಿನ ಪರೀಕ್ಷೆಯನ್ನು ಸಿಲೂಯೆಟ್ ಟೆಸ್ಟ್ ಅನ್ನುತ್ತಾರೆ.

ಆದರೆ ನನ್ನ ಕಣ್ಣು ತೆರೆಸಿದ್ದು ನಮ್ಮೂರಿನ ಗಂಜೀಫಾ. ಅದು ದುಂಡನೆಯ ಇಸ್ಪೀಟು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಅದಕ್ಕೆ ದೊಡ್ಡ ಆಶ್ರಯ ಸಿಕ್ಕಿತ್ತು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ ಹತ್ತು ಗುಂಪು, ಗುಂಪಿಗೆ ಹನ್ನೆರಡು ಎಲೆ, ಒಟ್ಟು 120. ನಾನು ಅವನ್ನು ಬರೀ ಸೂಕ್ಷ್ಮ ಚಿತ್ರಗಳು ಅಂತ ನೋಡುತ್ತಿದ್ದೆ. ಈ ಸಲ ಆಡುವವನ ಕಣ್ಣಿನಿಂದ ನೋಡಿದೆ. ಕೈಯಲ್ಲಿ ಒಂದರ ಮೇಲೊಂದು ಎಲೆ ಹರಡಿ ಹಿಡಿದಾಗ ಕಾಣುವುದು ಒಂದು ಅಂಚು ಮಾತ್ರ. ಅಷ್ಟರಲ್ಲೇ ಯಾವ ಗುಂಪು ಅಂತ ತಿಳಿಯಬೇಕು. ಅದಕ್ಕೇ ಗುಂಪಿಗೊಂದು ಹಿನ್ನೆಲೆ ಬಣ್ಣ, ಗುಂಪಿಗೊಂದು ಗುರುತು. ಮತ್ಸ್ಯನಿಗೆ ಮೀನು, ಕೂರ್ಮನಿಗೆ ಆಮೆ, ಪರಶುರಾಮನಿಗೆ ಕೊಡಲಿ, ಕಲ್ಕಿಗೆ ಕತ್ತಿ. ಸೂಕ್ಷ್ಮ ಕೆಲಸ ಏನಿದ್ದರೂ ಅದಾದ ಮೇಲೆ. ಮೊದಲು ಬಣ್ಣ, ಆಮೇಲೆ ಆಕಾರ, ಕೊನೆಗೆ ವಿವರ. ನಾನು ಮೈಸೂರಿನ ಕಲೆಯಿಂದ ವಿವರವನ್ನು ಮಾತ್ರ ಎತ್ತಿಕೊಂಡು ಬಂದಿದ್ದೆ.

ಆಮೇಲೆ ಒಂದು ವಾರ ಬರೀ ಕಪ್ಪು ಆಕಾರಗಳನ್ನು ಬರೆದೆ. ಮೂರೂವರೆ ತಲೆಯ ಎತ್ತರ, ದಪ್ಪ ಜಡೆ, ಹೆಗಲ ಮೇಲೆ ಗುದ್ದಲಿ. 48 ಪಿಕ್ಸೆಲ್‌ಗೆ ಇಳಿಸಿ, ಒಂದು ಸೆಕೆಂಡು ಮಾತ್ರ ತೋರಿಸಿ, ಏನು ಕಂಡಿತು ಅಂತ ಐದಾರು ಜನರನ್ನು ಕೇಳಿದೆವು. ಹುಡುಗಿ ಅಂದರು. ಸ್ಕೂಲ್ ಹುಡುಗಿ ಅಂದರು. ಒಬ್ಬರು ಕ್ರಿಕೆಟ್ ಆಡುವ ಹುಡುಗಿ ಅಂದರು, ಗುದ್ದಲಿ ಬ್ಯಾಟಿನ ಹಾಗೆ ಕಂಡಿತ್ತು. ಆಕಾರ ಈಗ ಸ್ಪಷ್ಟವಾಗಿತ್ತು, ಆದರೆ ಅದು ಯಾರ ಆಕಾರವೂ ಆಗಿರಲಿಲ್ಲ. ಯಾವ ಊರಿನ ಯಾವ ಗೇಮ್‌ನಲ್ಲಾದರೂ ಇರಬಹುದಾದ ಹುಡುಗಿ.

ಪಾಂಡವಪುರದ ಕಡೆ

ಜುಲೈ ಕೊನೆಯಲ್ಲಿ ನಾಲೆಗೆ ನೀರು ಬಿಟ್ಟಿದ್ದರು. ಗೆಳೆಯನ ಊರಿಗೆ ಹೋದೆವು. ಅಲ್ಲಿ ಒಬ್ಬರು ಹಿರಿಯರು, ಪ್ರಾಯದಲ್ಲಿ ನೀರುಗಂಟಿ ಕೆಲಸ ಮಾಡಿದವರು. ಈಗ ಮಗನ ಕೈಯಲ್ಲಿ ಟಾರ್ಚು, ಮೊಬೈಲು ಎಲ್ಲ ಇದೆ. ನಮ್ಮ ಆಟ ನಡೆಯುವುದು 1970ರ ಆಸುಪಾಸಿನಲ್ಲಿ, ಅವರು ಹುಡುಗರಾಗಿದ್ದ ಕಾಲ. ಅವರು ಎರಡು ರಾತ್ರಿ ನಮ್ಮನ್ನು ಬದುವಿನ ಮೇಲೆ ನಡೆಸಿದರು. ಪಾಠ ಅಂತ ಏನೂ ಹೇಳಲಿಲ್ಲ. ನನ್ನ ಚಿತ್ರಗಳನ್ನು ಫೋನಿನಲ್ಲಿ ನೋಡಿ, ಇದು ಹೀಗಲ್ಲ, ಅದು ಹಾಗಲ್ಲ ಅಂತ ತಿದ್ದುತ್ತಾ ಹೋದರು.

ಗುದ್ದಲಿ ಹೆಗಲ ಮೇಲೆ ಇರುವುದು ರಸ್ತೆಯಲ್ಲಿ ನಡೆಯುವಾಗ. ರಾತ್ರಿ ಜಾರುವ ಬದುವಿನ ಮೇಲೆ ಹಾಗೆ ಹೊರುವಂತಿಲ್ಲ, ಬಿದ್ದರೆ ಕುತ್ತಿಗೆಗೇ ಬೀಳುತ್ತದೆ. ಕೈಯಲ್ಲಿ ಕೆಳಗೆ ಹಿಡಿಯಬೇಕು, ಅಲಗು ಹಿಂದಕ್ಕೆ. ಲಾಟೀನು ಇನ್ನೊಂದು ಕೈಯಲ್ಲಿ, ಅದೂ ಕೆಳಗೇ, ಮೊಣಕಾಲಿನ ಮಟ್ಟಕ್ಕೆ. ಹಾವು ಕಾಣಬೇಕು. ಕಾಲಿಗೆ ಏನೂ ಹಾಕುವುದಿಲ್ಲ. ಹಿಮ್ಮಡಿ ಮೊದಲು ಊರಿದರೆ ಜಾರಿತು ಅಂತಲೇ ಲೆಕ್ಕ. ಬೆರಳು ಮೊದಲು ಊರಿ, ಮಣ್ಣು ಹಿಡಿದು, ಆಮೇಲೆ ಪಾದ ಇಳಿಸಬೇಕು. ಬದು ಕಿರಿದು, ಹಾಗಾಗಿ ಹೆಜ್ಜೆಗಳು ಒಂದೇ ಗೆರೆಯಲ್ಲಿ ಬೀಳುತ್ತವೆ.

ಎರಡನೇ ರಾತ್ರಿ ತುಂತುರು ಶುರುವಾಯಿತು. ಅವರು ಹೆಗಲ ಮೇಲಿದ್ದ ಕರೀ ಕಂಬಳಿಯನ್ನು ಬಿಡಿಸಿ, ಒಂದು ಮೂಲೆಯನ್ನು ಒಳಕ್ಕೆ ಮಡಚಿ, ತಲೆ ಮೇಲೆ ಕೊಪ್ಪೆ ಹಾಕಿಕೊಂಡರು. ಮೇಲೆ ಚೂಪು ತುದಿ, ಕೆಳಗೆ ಮೊಣಕಾಲಿನವರೆಗೆ ಅಗಲ. ಕುರಿಯ ಉಣ್ಣೆಯಲ್ಲಿ ಜಿಡ್ಡಿನ ಅಂಶ ಇರುವುದರಿಂದ ತುಂತುರು ಒಳಗೆ ಇಳಿಯುವುದಿಲ್ಲ, ಮೇಲೇ ಜಾರಿ ಹೋಗುತ್ತದೆ. ಅವರು ಬದುವಿನ ಮೇಲೆ ಮುಂದೆ ಮುಂದೆ ಹೋದರು. ನಾಟಿಗೆ ಅಂತ ನೀರು ನಿಲ್ಲಿಸಿದ ಗದ್ದೆ ಆಚೆ ಈಚೆ ಕನ್ನಡಿಯ ಹಾಗೆ ಬಿದ್ದಿತ್ತು. ಮೋಡದ ಹಿಂದಿನ ಬೆಳಕು ಆ ನೀರಿನಲ್ಲಿತ್ತು. ಅದರ ಮೇಲೆ ಒಂದು ಕಪ್ಪು ತ್ರಿಕೋನ, ಮುಂದೆ ಮೊಣಕಾಲಿನ ಹತ್ತಿರ ಒಂದು ಕಿತ್ತಳೆ ದೀಪ, ಹಿಂದೆ ಬಾಲದ ಹಾಗೆ ಗುದ್ದಲಿಯ ಅಲಗು. ನೂರು ಮಾರು ದೂರದಿಂದ ನೋಡಿದರೂ ಅದು ಏನು, ಯಾವ ಕಡೆ ಹೋಗುತ್ತಿದೆ ಅಂತ ತಿಳಿಯುತ್ತಿತ್ತು.

ನಾನು ಅಲ್ಲೇ ನಿಂತುಬಿಟ್ಟೆ. ಆರು ತಿಂಗಳಿಂದ ಹುಡುಕುತ್ತಿದ್ದ ಆಕಾರ ಎದುರಿಗೇ ನಡೆಯುತ್ತಿತ್ತು. ಅದನ್ನು ಯಾರೂ ಚೆಂದ ಕಾಣಲಿ ಅಂತ ಮಾಡಿದ್ದಲ್ಲ. ಮಳೆ, ಹಾವು, ಜಾರುವ ಮಣ್ಣು ಸೇರಿ ಮಾಡಿದ ಆಕಾರ ಅದು.

ಮುಖದ ಜಗಳ

ವಾಪಸ್ ಬಂದ ದಿನವೇ ಬರೆದೆ. ಕಪ್ಪು ಆಕಾರದ ಪರೀಕ್ಷೆ ಮತ್ತೆ ಮಾಡಿದೆವು. 48 ಪಿಕ್ಸೆಲ್, ಒಂದು ಸೆಕೆಂಡು. ಮಂಡ್ಯದವರೊಬ್ಬರು ನೋಡಿದ ತಕ್ಷಣ ಕಂಬಳಿ ಕೊಪ್ಪೆ ಅಂದರು. ಊರಿನ ನಂಟಿಲ್ಲದವರು ಯಾರೋ ಮಳೇಲಿ ಹೋಗ್ತಿದ್ದಾರೆ ಅಂದರು. ಅಷ್ಟು ಸಾಕಿತ್ತು.

ಆದರೆ ಕಷ್ಟ ಅಲ್ಲಿಂದಲೇ ಶುರು. ಮೊದಲನೆಯದು, ರಾತ್ರಿಯ ಆಟದಲ್ಲಿ ಕರೀ ಕಂಬಳಿ. ಸಾಮಾನ್ಯವಾಗಿ ಎಲ್ಲರೂ ಕೊಡುವ ಸಲಹೆ, ಹಿನ್ನೆಲೆ ಕತ್ತಲಿದ್ದರೆ ಪಾತ್ರ ಬೆಳ್ಳಗಿರಲಿ ಅಂತ. 2017ರ ಹಾಲೋ ನೈಟ್ ಗೇಮ್‌ನಲ್ಲಿ ಕತ್ತಲ ಲೋಕದಲ್ಲಿ ಬಿಳೀ ಮುಖವಾಡ ಇರುವುದು ಅದಕ್ಕೇ. ನಾವು ತಿರುಗಿಸಿ ಯೋಚಿಸಿದೆವು. ಪಾತ್ರವನ್ನು ಬೆಳ್ಳಗೆ ಮಾಡುವ ಬದಲು ಅವಳ ಹಿಂದಿನ ನೀರನ್ನು ಬೆಳ್ಳಗೆ ಮಾಡಬಹುದಲ್ಲ. ಆ ರಾತ್ರಿ ನಾವು ಕಂಡದ್ದೇ ಅದು. ಹಾಗಾಗಿ ಆಟದ ಪ್ರತಿ ದೃಶ್ಯದಲ್ಲೂ ನಿಂಗಿಯ ಹಿಂದೆ ನೀರು ಇರಲೇಬೇಕು ಅಂತ ನಿಯಮ ಮಾಡಿಕೊಂಡೆವು. ಭತ್ತದ ಗದ್ದೆಯಲ್ಲಿ ಇದು ಸುಲಭ. ಕಬ್ಬಿನ ಗದ್ದೆಯಲ್ಲಿ ಕಷ್ಟ, ಎರಡೂ ಕಡೆ ಕತ್ತಲ ಗೋಡೆ. ಅಲ್ಲಿ ಕಬ್ಬಿನ ಸಾಲುಗಳ ನಡುವೆ ಒಂದು ಕಾಲುವೆಯ ಪಟ್ಟಿ ಎಳೆದೆವು, ಕಂಬಳಿಯ ಬಿಳೀ ಅಂಚನ್ನು ಸ್ವಲ್ಪ ದಪ್ಪ ಮಾಡಿದೆವು. ಆ ಅಂಚು ನಿಜವಾದ ಕಂಬಳಿಯಲ್ಲೂ ಇರುತ್ತದೆ, ನಾವು ಸೇರಿಸಿದ್ದಲ್ಲ.

ಬಣ್ಣದಲ್ಲಿ ಒಂದೇ ಒಂದು ಕಟ್ಟುಪಾಡು ಇಟ್ಟುಕೊಂಡೆವು. ಇಡೀ ರಾತ್ರಿ ನೀಲಿ ಬೂದು. ಕಿತ್ತಳೆ ಇರುವುದು ಲಾಟೀನಿನಲ್ಲಿ ಮಾತ್ರ. ಮನೆಯ ದೀಪ, ಬೆಂಕಿ, ಹೂವು, ಬಟನ್, ಯಾವುದಕ್ಕೂ ಕಿತ್ತಳೆ ಇಲ್ಲ. ನೀಲಿ ಮತ್ತು ಕಿತ್ತಳೆಯ ವ್ಯತ್ಯಾಸ ನಮ್ಮ ಗೆಳೆಯನಿಗೆ ಚೆನ್ನಾಗಿ ಕಾಣುತ್ತದೆ. ಅವನು ಮೊದಲ ಸಲ ಒಂದು ಹಂತವನ್ನು ಬೀಳದೆ ಆಡಿ ಮುಗಿಸಿದಾಗ ನಾವು ಮೂವರೂ ಕುಣಿದಾಡಿದೆವು.

ಎರಡನೆಯದು ಮುಖ. ಇದಕ್ಕೆ ಮೂರು ವಾರ ಜಗಳ ಆಯಿತು. ಲಾಟೀನು ಮೊಣಕಾಲಿನ ಹತ್ತಿರ ಇದ್ದರೆ ಬೆಳಕು ಕೆಳಗಿನಿಂದ ಬರುತ್ತದೆ. ಕೆಳಗಿನಿಂದ ಬೆಳಕು ಬಿದ್ದ ಮುಖ ಯಾರದಾದರೂ ಹೆದರಿಕೆ ಹುಟ್ಟಿಸುತ್ತದೆ, ನಾವು ದಿನಾ ನೋಡುವುದು ಮೇಲಿನಿಂದ ಬೀಳುವ ಬೆಳಕು, ನೆರಳುಗಳು ತಿರುಗುಮುರುಗಾದರೆ ಕಣ್ಣು ಬೆಚ್ಚುತ್ತದೆ. ನಿಂಗಿ ದೆವ್ವದ ಹಾಗೆ ಕಂಡಳು. ಲಾಟೀನನ್ನು ಎತ್ತಿ ಎದೆಯ ಮಟ್ಟಕ್ಕೆ ತಂದೆ. ಮುಖ ಚೆನ್ನಾಗಿ ಬಂತು. ಆ ಚಿತ್ರವನ್ನು ಹಿರಿಯರಿಗೆ ಕಳಿಸಿದೆವು. ಅವರು ಫೋನ್ ಮಾಡಿ ಒಂದೇ ಮಾತು ಕೇಳಿದರು: "ಹಾವು ತುಳಿದರೆ ಯಾರು ನೋಡ್ತಾರೆ?"

ನನಗೆ ಉತ್ತರ ಇರಲಿಲ್ಲ. ಮುಖ ಬೇಕಾಗಿದ್ದದ್ದು ನನಗೆ. ಅವಳಿಗೆ ಬೇಕಾಗಿದ್ದದ್ದು ಕಾಲ ಮುಂದಿನ ಎರಡು ಅಡಿ ನೆಲ. ಲಾಟೀನು ಮತ್ತೆ ಕೆಳಗೆ ಹೋಯಿತು. ಮುಖವನ್ನು ಕೊಪ್ಪೆಯ ಕತ್ತಲಿಗೆ ಬಿಟ್ಟುಬಿಟ್ಟೆವು.

ಮುಖ ಇಲ್ಲದ ಪಾತ್ರವನ್ನು ಆಡುವವರು ಹೇಗೆ ಹಚ್ಚಿಕೊಳ್ಳುತ್ತಾರೆ? ನನ್ನ ಭಯ ಅದೇ. ಸದ್ದು ಮಾಡುವ ಗೆಳತಿ ಮಾತ್ರ ಮೊದಲಿನಿಂದಲೂ ಧೈರ್ಯವಾಗಿದ್ದಳು. ಉಸಿರು ನಾನು ಕೊಡ್ತೀನಿ, ನೀನು ತುದಿ ಅಲುಗಿಸು ಅಂದಳು. ಕೊಪ್ಪೆಯ ತುದಿಯನ್ನೇ ನಾನು ಹುಬ್ಬಿನ ಹಾಗೆ ಬಳಸತೊಡಗಿದೆ. ನೆಲ ನೋಡುವಾಗ ತುದಿ ಮುಂದಕ್ಕೆ ಬಾಗುತ್ತದೆ. ದೂರದ ಸದ್ದು ಕೇಳಿದರೆ ನೆಟ್ಟಗಾಗುತ್ತದೆ. ಸುಸ್ತಾದಾಗ ಹಿಂದಕ್ಕೆ ಜೋಲುತ್ತದೆ. ಕೊನೇ ಗದ್ದೆಗೆ ನೀರು ಮುಟ್ಟಿದಾಗ ಒಂದು ಸಲ ಪಟ್ಟನೆ ಕುಲುಕುತ್ತದೆ, ಅಷ್ಟೇ. ಇದನ್ನು ಆಡಿ ನೋಡಿದ ಒಬ್ಬ ಹುಡುಗಿ, ನಿಂಗಿ ಅಲ್ಲಿ ನಗುತ್ತಾಳೆ ಅಂದಳು. ನಾನು ನಗು ಬರೆದೇ ಇಲ್ಲ. ಆ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಸಂತೋಷಕ್ಕೆ.

ಆಟದ ಶುರುವಿನಲ್ಲಿ, ಮನೆಯೊಳಗೆ, ಒಂದು ಸಲ ಮಾತ್ರ ಅವಳ ಮುಖ ಪೂರ್ತಿ ಕಾಣುತ್ತದೆ. ತಾತನ ಹಣೆ ಮುಟ್ಟಿ ನೋಡಿ, ಕಂಬಳಿ ಎತ್ತಿಕೊಂಡು ಕೊಪ್ಪೆ ಹಾಕಿಕೊಳ್ಳುತ್ತಾಳೆ. ಅಲ್ಲಿಂದ ಬೆಳಗಿನವರೆಗೆ ಇಲ್ಲ. ಮೈ ಬಣ್ಣವನ್ನೂ ಆಗಲೇ ಬದಲಿಸಿದೆ. ಮೊದಲ ನಿಂಗಿಯನ್ನು ಗೋಧಿ ಬಣ್ಣಕ್ಕೆ ಬರೆದಾಗ ನಾನು ಯೋಚನೆಯನ್ನೇ ಮಾಡಿರಲಿಲ್ಲ, ಕೈ ತಾನಾಗಿ ಹಾಗೆ ಬರೆಯಿತು. ಅದು ನನಗೆ ಇವತ್ತಿಗೂ ನೋವಿನ ವಿಷಯ. ಬಿಸಿಲಲ್ಲಿ ಗದ್ದೆಯಲ್ಲಿ ಬೆಳೆದ ಹುಡುಗಿ ಕಪ್ಪಗಿದ್ದಾಳೆ, ನಿಂಗಿ ಹಾಗೇ ಇರಬೇಕು. ಚಿತ್ರದ ದೃಷ್ಟಿಯಿಂದಲೂ ಅದರಿಂದ ಲಾಭವೇ ಆಯಿತು. ಒದ್ದೆಯಾದ ಕಪ್ಪು ಚರ್ಮದ ಮೇಲೆ ದೀಪದ ಹೊಳಪು ಎಷ್ಟು ಚೂಪಾಗಿ ಕೂರುತ್ತದೆ ಅಂದರೆ, ಮೊಣಕಾಲಿನ ಕೆಳಗೆ ಎರಡು ಕಿತ್ತಳೆ ಗೆರೆ ಎಳೆದರೆ ಸಾಕು, ಕಡಲೆಕಾಳಿನಷ್ಟು ಗಾತ್ರದಲ್ಲೂ ಎರಡು ಕಾಲು ಬೇರೆ ಬೇರೆ ಕಾಣುತ್ತವೆ.

ಅರಮನೆ ಬೇಕು ಅಂದವರು

ಈ ನಡುವೆ ಗೇಮ್ ಪ್ರಕಟಿಸುವ ಒಬ್ಬರಿಗೆ ತೋರಿಸಿದೆವು. ಆಟ ಇಷ್ಟವಾಯಿತು, ಪಾತ್ರ ಬೇಡ ಅಂದರು. ಮುಖ ಬೇಕು, ಒಡವೆ ಬೇಕು, ಹಿನ್ನೆಲೆಯಲ್ಲಿ ಅರಮನೆ ಇದ್ದರೆ ಮೈಸೂರು ಅಂತ ಗೊತ್ತಾಗುತ್ತದೆ ಅಂದರು. ನನ್ನ ಮೊದಲ ನಿಂಗಿಯ ಚಿತ್ರ ತೋರಿಸಿದ್ದರೆ ಅವರು ಒಪ್ಪಿಬಿಡುತ್ತಿದ್ದರು. ಚಿತ್ರ ಅದೇ ಲ್ಯಾಪ್‌ಟಾಪಿನಲ್ಲಿತ್ತು. ತೋರಿಸಲಿಲ್ಲ. ದುಡ್ಡು ಬೇಕಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಈ ಬಯಲಿಗೆ ನೀರು ಹಾಯಿಸಿದವರ ಮನೆಯ ಹುಡುಗಿಗೆ ಡಾಬು ತೊಡಿಸಿ ಮಾರಿದರೆ ಆಟದಲ್ಲಿ ಏನು ಉಳಿಯುತ್ತದೆ? ಮೈಸೂರು ಚಿತ್ರದ ಮೇಲಿನ ನನ್ನ ಪ್ರೀತಿ ಕಡಿಮೆ ಆಗಿಲ್ಲ. ಅದು ದೇವರ ಮನೆಯಲ್ಲಿ, ಕೈ ದೀಪದ ಬೆಳಕಿನಲ್ಲಿ, ಹತ್ತಿರ ನಿಂತು ನೋಡುವ ಚಿತ್ರ. ರಾತ್ರಿ ಬದುವಿನ ಮೇಲೆ ಹೋಗುವವಳಿಗೆ ಬೇರೆ ಬೇಕು.

ಅಂಗಡಿಯ ಐಕಾನ್ ವಿಷಯದಲ್ಲಿ ಅವರ ಮಾತಿನಲ್ಲಿ ಸ್ವಲ್ಪ ಸತ್ಯ ಇತ್ತು. ಪ್ಲೇ ಸ್ಟೋರ್‌ಗೆ 512 ಪಿಕ್ಸೆಲ್ ಉದ್ದ ಅಗಲದ ಒಂದು ಚೌಕ ಕೊಡಬೇಕು. ಬೇರೆ ಆಟಗಳ ಐಕಾನ್‌ಗಳಲ್ಲಿ ಬಹಳಷ್ಟು ಬಾಯಿ ತೆರೆದ ಮುಖಗಳೇ. ನಮ್ಮದು ನೀಲಿಯ ಮೇಲೆ ಒಂದು ಕಪ್ಪು ತ್ರಿಕೋನ, ಕೆಳಗೆ ಕಿತ್ತಳೆ ಚುಕ್ಕೆ. ಸಾಲಿನಲ್ಲಿಟ್ಟು ನೋಡಿದೆವು. ಕಣ್ಣು ಅಲ್ಲಿಗೇ ಹೋಗುತ್ತದೆ. ಅದನ್ನೇ ಉಳಿಸಿಕೊಂಡೆವು.

ಪರದೆಯ ಮೂಲೆಯಲ್ಲಿ ನೀರಿನ ಅಳತೆ ತೋರಿಸುವ ಪಟ್ಟಿಯ ಮೇಲ್ತುದಿಗೆ 124.80 ಅಂತ ಬರೆದಿದ್ದೇವೆ. ಕನ್ನಂಬಾಡಿ ಕಟ್ಟೆ ತುಂಬಿದಾಗಿನ ಅಡಿ ಲೆಕ್ಕ ಅದು. ಮಂಡ್ಯದ ಮಕ್ಕಳಿಗೂ ಬಾಯಿಪಾಠ. ಹೊರಗಿನವರಿಗೆ ಅರ್ಥವಾಗದಿದ್ದರೂ ಪಟ್ಟಿ ತುಂಬಿದೆ ಅಂತ ತಿಳಿಯುತ್ತದೆ.

ಈಗ ಒಂದು ಚಿತ್ರಕ್ಕೆ ಕಾಲು ಗಂಟೆ ಸಾಕು. ಕಂಬಳಿ ಮೈಯ ಬಹುಪಾಲನ್ನು ಮುಚ್ಚುತ್ತದೆ, ಬರೆಯಬೇಕಾದದ್ದು ತುದಿ, ಅಂಚು, ಕಾಲು, ದೀಪ, ಅಲಗು. ಉಳಿದ ಸಮಯವನ್ನೆಲ್ಲ ನಡಿಗೆಗೆ ಸುರಿದೆ. ನಡಿಗೆಯ 8 ಚಿತ್ರವನ್ನು ಒಂಬತ್ತು ಸಲ ತಿದ್ದಿದ್ದೇನೆ. ಚಲನೆ ಕಲಿಸುವ ಪುಸ್ತಕಗಳಲ್ಲಿ ನಡಿಗೆ ಶುರುವಾಗುವುದು ಹಿಮ್ಮಡಿಯಿಂದ. ನಿಂಗಿಯದು ಬೆರಳಿನಿಂದ. ಹಾಗೆ ಮಾಡಿದಾಗ ಮೊಣಕಾಲು ಯಾವಾಗಲೂ ಸ್ವಲ್ಪ ಮಡಚಿಯೇ ಇರುತ್ತದೆ, ಮೈ ಮೇಲೆ ಕೆಳಗೆ ಜಾಸ್ತಿ ಕುಣಿಯುವುದಿಲ್ಲ, ತ್ರಿಕೋನ ನೀರಿನ ಮೇಲೆ ತೇಲಿದ ಹಾಗೆ ಹೋಗುತ್ತದೆ. ಇದು ನಾನು ಬೇಕೆಂದು ಮಾಡಿದ್ದಲ್ಲ, ಹೆಜ್ಜೆ ಸರಿ ಮಾಡಿದ ಮೇಲೆ ತಾನಾಗಿ ಬಂತು.

ಸರಿಯಾಗದೆ ಉಳಿದದ್ದು ಎರಡಿವೆ. ನಿಂಗಿ ಎಡಕ್ಕೆ ತಿರುಗಿದಾಗ ನಾವು ಅದೇ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸುತ್ತೇವೆ. ಆಗ ಲಾಟೀನು, ಗುದ್ದಲಿ ಕೈ ಬದಲಿಸುತ್ತವೆ. ಇದನ್ನು ತಪ್ಪಿಸಲು 48 ಚಿತ್ರವನ್ನು ಇನ್ನೊಮ್ಮೆ ಬರೆಯಬೇಕು. ದೀಪ ಯಾವಾಗಲೂ ಮುಂದೆ, ಅಲಗು ಯಾವಾಗಲೂ ಹಿಂದೆ ಇದ್ದರೆ ಆಡುವವರಿಗೆ ದಿಕ್ಕು ತಪ್ಪುವುದಿಲ್ಲ ಅಂತ ಸದ್ಯಕ್ಕೆ ಹಾಗೇ ಬಿಟ್ಟಿದ್ದೇವೆ.

ಎರಡನೆಯದು ದೊಡ್ಡದು. ಆಟದ ಕೊನೇ ಹಂತದಲ್ಲಿ ಮಳೆ ನಿಲ್ಲುತ್ತದೆ. ಮಳೆ ನಿಂತ ಮೇಲೆ ಯಾರೂ ಕೊಪ್ಪೆ ಹಾಕಿಕೊಂಡಿರುವುದಿಲ್ಲ, ಕಂಬಳಿ ಮಡಚಿ ಹೆಗಲಿಗೆ ಹಾಕುತ್ತಾರೆ. ಹಾಗೆ ಹಾಕಿದರೆ ತ್ರಿಕೋನ ಹೋಗುತ್ತದೆ, ತುದಿ ಹೋಗುತ್ತದೆ, ಇಡೀ ಆಟದಲ್ಲಿ ನಾವು ಕಟ್ಟಿಕೊಂಡು ಬಂದ ಗುರುತೇ ಹೋಗುತ್ತದೆ. ಮೂರು ಬಗೆಯಲ್ಲಿ ಬರೆದು ನೋಡಿದೆ, ಯಾವುದೂ 48 ಪಿಕ್ಸೆಲ್ ಪರೀಕ್ಷೆ ದಾಟಲಿಲ್ಲ. ಬೆಳಗಿನ ಜಾವದ ಹಂತ ಆದ್ದರಿಂದ ಮುಖ ಕಾಣಿಸಬಹುದು ಅಂತ ಗೆಳೆಯ ಹೇಳುತ್ತಾನೆ, ಬೇಡ ಅಂತ ಗೆಳತಿ. ನನಗೆ ಇನ್ನೂ ಗೊತ್ತಾಗುತ್ತಿಲ್ಲ. ಬರುವ ವಾರ ಕಟ್ಟು ನೀರಿನ ಸರದಿ ಇದೆ. ಬೆಳಗಿನ ಐದು ಗಂಟೆಗೆ, ಮಳೆ ಇಲ್ಲದಿದ್ದರೆ, ಬದುವಿನ ಮೇಲೆ ಹೋಗಿ ನಿಲ್ಲುತ್ತೇವೆ.